ಅದ್ಭುತಕಥೆಗೆ ಅಧಿಕಾರಿ ಯಾರು?

ಶಾಸ್ತ್ರಗ್ರಂಥವನ್ನು ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ನಿರ್ಣಯಿಸಿಕೊಳ್ಳಬೇಕೆಂಬದು ಪ್ರಾಚೀನರ ಸಂಪ್ರದಾಯ. ಇವುಗಳಲ್ಲಿ ಕಡೆಯದಾದ ಅಧಿಕಾರಿಯ ವಿಚಾರವು ಕಥಾಸಾಹಿತ್ಯದ ಮಟ್ಟಿಗೆ ಸಾಕಷ್ಟು ನಡೆದಂತೆ ತೋರುವದಿಲ್ಲ. ಮಾತನಾಡುವ ಗಿಳಿ, ಹೆಣದೊಳಗಿನ ಬೇತಾಳ, ಗಿಡವಾಗಿ ಹೂಬಿಡುವ ಹುಡುಗಿ, ಏಳು ಸಮುದ್ರಗಳಾಚೆ ಅಡಗಿರುವ ರಾಕ್ಷಸನ ಪ್ರಾಣ, ಇಂತಹ ಸಂಗತಿಗಳಿಂದ ಕೂಡಿದ ಕಥೆಗಳಿಗೆ ಮಕ್ಕಳೇ ಅಧಿಕಾರಿಗಳೆಂದು ಇಂದು ಬಹುಜನರು ಭಾವಿಸಿರುವರು. ಹುಬ್ಬಳ್ಳಿ-ಧಾರವಾಡದ ತಾರಿಹಾಳ ಮೊದಲಾದ ಊರುಗಳ ಕಡೆಯ ಆಡುಮಾತಿನಲ್ಲಿ ಇವಕ್ಕೆ ‘ಅಜ್ಜಿಯ ಕತಿ’ ಎಂದು ಹೆಸರು. ಪುಸ್ತಕದಂಗಡಿಗಳಲ್ಲಿ ಇವೇ ‘ಮಕ್ಕಳ ಸಾಹಿತ್ಯ’ವಾಗುವವು. ಹೀಗಿದ್ದರೂ ಮಕ್ಕಳಿಗೆಂದು ಬರೆದ ಅದ್ಭುತಕಥೆಗಳನ್ನು ತಂದೆತಾಯಿಗಳೂ ವೃದ್ಧರೂ ಅಷ್ಟೇ ಆಸಕ್ತಿಯಿಂದ ಓದುವದು ಎಲ್ಲೆಡೆಯಲ್ಲಿ ಕಾಣುವ ಸಂಗತಿ.

ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳನ್ನು ಹೇಳುವರು. ಪ್ರಾಯದವರು ಈ ಕಥೆಗಳಲ್ಲಿ ತಮ್ಮ ಬಾಲ್ಯವನ್ನು ನೆನೆದು ಸುಖಪಡುವರೆಂಬದು ಒಂದು. ಕಥೆಯ ಹೊದಿಕೆಯೊಳಗೆ ಅಡಗಿದ ನೀತಿಯನ್ನು ಅವರು ಗ್ರಹಿಸುವರೆಂಬದು ಇನ್ನೊಂದು. ಈ ಎರಡು ಮಾತುಗಳೂ ಒಂದೇ ಪೂರ್ವಗ್ರಹದಿಂದ ಹುಟ್ಟಿದವು. ಅದ್ಭುತಕಥೆಯು ಮೂಲತಃ ಮಕ್ಕಳ ಸೊತ್ತು, ದೊಡ್ಡವರು ಅದನ್ನು ಕಡ ತೆಗೆದುಕೊಳ್ಳುವರು ಎಂಬದೇ ಆ ಪೂರ್ವಗ್ರಹ. ಚರಿತ್ರೆಯು ಇದನ್ನು ಒಪ್ಪುವದೇ ಎಂಬದನ್ನು ಇಲ್ಲಿ ಪರಿಶೀಲಿಸಲಾಗುವದು.

ಭರತಖಂಡದ ಅದ್ಭುತಕಥೆಗಳ ಮೂಲನಿಧಿಯೆನಿಸಿದ್ದು ಗುಣಾಢ್ಯನ ಬೃಹತ್ಕಥೆ. ಪೈಶಾಚಿಯಲ್ಲಿದ್ದ ಆ ಗ್ರಂಥವು ಈಗ ದೊರೆಯುವದಿಲ್ಲ. ಆದರೆ ಅದರ ಉತ್ಪತ್ತಿಯ ವೃತ್ತಾಂತವು ಸೋಮದೇವನ ಕಥಾಸರಿತ್ಸಾಗರದಲ್ಲಿ ಉಳಿದಿರುವದು. ಹಿಂದೆ ಯಾರೂ ಕೇಳದಿರುವ ಹೊಸ ಕಥೆಯನ್ನು ಹೇಳಬೇಕೆಂದು ಪಾರ್ವತಿಯು ಶಿವನನ್ನು ಕೇಳಿದಳು. ಶಿವನು ಏಕಾಂತದಲ್ಲಿ ಹೇಳುತ್ತಿದ್ದ ಆ ಕಥೆಯನ್ನು ಪುಷ್ಪದಂತನೆಂಬ ಗಣನು ಮರೆಯಲ್ಲಿ ನಿಂತು ಕೇಳಿ, ಮನೆಗೆ ಹೋಗಿ ಹೆಂಡತಿಗೆ ಹೇಳಿದನು, ಶಾಪಕ್ಕೆ ಗುರಿಯಾದನು. ಈ ಕಥೆಯನ್ನು ಮೊದಲು ಕೇಳಿದವಳು ಜಗನ್ಮಾತೆ. ಎರಡನೆಯವನು ಕೌತುಕವನ್ನು ತಡೆಯಲಾರದ ಒಬ್ಬ ಗಣ. ಮೂರನೆಯವಳು ಅವನ ಹೆಂಡತಿ. ಈ ಸಾಲಿನಲ್ಲಿ ಮಗುವೆಂಬದೇ ಇಲ್ಲ.

ಮುಂದಿನ ಭಾಗವು ವಿದ್ವಾಂಸರು ಮನಸ್ಸಿಗೆ ತಂದುಕೊಳ್ಳತಕ್ಕದ್ದಾಗಿದೆ. ಗುಣಾಢ್ಯನು ಏಳು ಲಕ್ಷ ಶ್ಲೋಕಗಳಷ್ಟು ಕಥೆಯನ್ನು ಮಸಿಯಿಲ್ಲದ ಕಾಡಿನಲ್ಲಿ ರಕ್ತದಿಂದ ಬರೆದು ಸಾತವಾಹನನ ಆಸ್ಥಾನಕ್ಕೆ ಕಳುಹಿಸಿದನು. ಪೈಶಾಚಿಯ ನೀರಸಭಾಷೆಯೆಂದೂ ರಕ್ತದ ಬರಹವೆಂದೂ ಅರಸನು ಅದನ್ನು ತಿರಸ್ಕರಿಸಿದನು. ಆಗ ಗುಣಾಢ್ಯನು ಒಂದು ಬೆಟ್ಟದ ಮೇಲೆ ಅಗ್ನಿಯನ್ನು ಹೊತ್ತಿಸಿ, ಒಂದೊಂದೇ ಓಲೆಯನ್ನು ಮೃಗಪಕ್ಷಿಗಳಿಗೆ ಓದಿ ಹೇಳಿ ಬೆಂಕಿಗೆ ಹಾಕಹತ್ತಿದನು. ಪ್ರಾಣಿಗಳು ಮೇವನ್ನು ಬಿಟ್ಟು ಕಣ್ಣೀರಿಡುತ್ತ ಕೇಳಿದವು. ಬಡಕಲಾದ ಮೃಗಗಳ ಒಣಮಾಂಸವನ್ನುಂಡು ಅರಸನಿಗೆ ಅಸ್ವಸ್ಥತೆಯಾಗಲು, ಕಾರಣವನ್ನು ವಿಚಾರಿಸಿ ಅವನು ಬರುವಷ್ಟರಲ್ಲಿ ಆರು ಲಕ್ಷ ಶ್ಲೋಕಗಳು ಬೂದಿಯಾಗಿದ್ದವು. ಉಳಿದ ಒಂದು ಲಕ್ಷವೇ ಬೃಹತ್ಕಥೆ. ಈ ವೃತ್ತಾಂತವು ಚರಿತ್ರೆಯಲ್ಲವೆಂಬದು ನಿಜ. ಆದರೆ ಅದ್ಭುತಕಥೆಗೆ ಯಾರು ಅಧಿಕಾರಿಗಳೆಂಬ ವಿಷಯದಲ್ಲಿ ಪ್ರಾಚೀನರ ಅಭಿಪ್ರಾಯವೇನಿತ್ತೆಂಬದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕಾಗಿಲ್ಲ. ಸಭೆಯು ಕಥೆಯನ್ನು ಕಡೆಗಣಿಸಿದರೆ ಕಥೆಗೆ ಕೇಳುಗರು ಇಲ್ಲದಾಗುವದಿಲ್ಲ. ಸಭೆಗೆ ಮಾತ್ರ ಏಳರಲ್ಲಿ ಆರು ಪಾಲು ನಷ್ಟವಾಗುವದು.

ಸೋಮದೇವನು ತನ್ನ ಗ್ರಂಥವನ್ನು ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ರಾಣಿ ಸೂರ್ಯವತಿಯ ಚಿತ್ತವಿನೋದಕ್ಕಾಗಿ ರಚಿಸಿದನು. ದಂಡಿಯು ಕಾವ್ಯಾದರ್ಶದಲ್ಲಿ ಬೃಹತ್ಕಥೆಯನ್ನು ಹೆಸರಿಸುವಾಗ ಅದಕ್ಕೆ ಕೊಟ್ಟ ವಿಶೇಷಣವು ‘ಅದ್ಭುತಾರ್ಥ’ವೆಂಬದು. ಅದ್ಭುತವು ಅಲ್ಲಿ ಗುಣವೆಂದು ಎಣಿಸಲ್ಪಟ್ಟಿದೆಯೇ ಹೊರತು ಎಳೆಯರಿಗೆ ತಕ್ಕ ಲಘುತ್ವವೆಂದಲ್ಲ. ಗಂಗ ದೊರೆಯಾದ ದುರ್ವಿನೀತನು ಈ ವಡ್ಡಕಥೆಯನ್ನು ಸಂಸ್ಕೃತಕ್ಕೆ ತಂದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನದಿಂದ ತಿಳಿಯುವದು. ಕನ್ನಡ ನೆಲದ ಅರಸನೊಬ್ಬನ ಪ್ರಶಸ್ತಿಯಲ್ಲಿ ಯುದ್ಧಗಳ ಜತೆಗೆ ಕಥೆಯ ಭಾಷಾಂತರವೂ ಸೇರಿರುವದು ಗಮನಾರ್ಹ.

ಕನ್ನಡದ ಕಡೆಗೆ ಬಂದರೆ, ಒಂದನೆಯ ನಾಗವರ್ಮನು ಹತ್ತನೆಯ ಶತಮಾನದ ಕೊನೆಯಲ್ಲಿ ಬಾಣನ ಕಾದಂಬರಿಯನ್ನು ಚಂಪುವಾಗಿ ರಚಿಸಿದನು. ಆ ಕಥೆಯನ್ನು ಶೂದ್ರಕರಾಜನ ಸಭೆಯಲ್ಲಿ ಆರಂಭಿಸುವದು ಪಂಜರದ ಒಂದು ಗಿಳಿ. ಚಂದ್ರನೇ ಮನುಷ್ಯನಾಗಿ ಹುಟ್ಟಿಬರುವದೂ, ಸತ್ತವನ ದೇಹವು ಕೆಡದೆ ಕಾದಿರುವದೂ ಅದರ ಮುಖ್ಯ ಸಂಗತಿಗಳು. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಪಾಶ್ಚಾತ್ಯ ಮಾದರಿಯ ದೀರ್ಘ ಗದ್ಯಕಥೆಯು ಬಂದಾಗ ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಅದಕ್ಕೆ ‘ಕಾದಂಬರಿ’ಯೆಂಬ ಹೆಸರೇ ನಿಂತಿತು. ವಾಸ್ತವವನ್ನು ಚಿತ್ರಿಸುವದೇ ಪ್ರೌಢಕಥೆಯ ಲಕ್ಷಣವೆಂದು ಹೇಳುವವರು, ಆ ಪ್ರೌಢಪ್ರಕಾರದ ಹೆಸರೇ ಗಿಳಿಯು ಹೇಳಿದ ಕಥೆಯಿಂದ ಬಂದದ್ದೆಂಬದನ್ನು ಮರೆಯಬಾರದು.

ದುರ್ಗಸಿಂಹನ ಪಂಚತಂತ್ರವು ಇನ್ನೂ ಹತ್ತಿರದ ನಿದರ್ಶನ. ಕ್ರಿ.ಶ. ೧೦೩೧ರದೆಂದು ಎಣಿಸಲಾಗುವ ಈ ಚಂಪುಗ್ರಂಥದ ಕರ್ತೃವು ಕಲ್ಯಾಣ ಚಾಲುಕ್ಯರ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದನು. ಕಿಸುಕಾಡು ನಾಡಿನ ಸಯ್ಯಡಿಯು ಅವನ ಅಗ್ರಹಾರ. ಇದು ರೋಣ ತಾಲೂಕಿನ ಸವಡಿಯೆಂದು ಗುರುತಿಸಲ್ಪಟ್ಟಿದೆ. ೧೯೯೭ರಲ್ಲಿ ಗದಗ ಜಿಲ್ಲೆಯು ಬೇರೆಯಾಗುವವರೆಗೆ ಇದೆಲ್ಲ ಧಾರವಾಡ ಜಿಲ್ಲೆಗೆ ಸೇರಿದ್ದ ಸೀಮೆ. ವಿಷ್ಣುಶರ್ಮನ ಪಾಠವನ್ನು ಬಿಟ್ಟು ವಸುಭಾಗಭಟ್ಟನ ಪಾಠವನ್ನು ಹಿಡಿದು, ಭೇದ, ಪರೀಕ್ಷಾ, ವಿಶ್ವಾಸ, ವಂಚನಾ, ಮಿತ್ರಕಾರ್ಯಗಳೆಂಬ ಐದು ಪ್ರಕರಣಗಳಲ್ಲಿ ಅವನು ಕಥೆಗಳನ್ನು ಹೆಣೆದನು. ರಾಜ್ಯಗಳ ನಡುವೆ ಸಂಧಿಯನ್ನೂ ವಿಗ್ರಹವನ್ನೂ ನಡೆಸುವ ಅಧಿಕಾರಿಯು ಸಿಂಹ, ನರಿ, ಕಾಗೆ, ಗೂಗೆಗಳಿಂದ ಮಾತನಾಡಿಸಿ ಪ್ರೌಢಭಾಷೆಯಲ್ಲಿ ಕಾವ್ಯವನ್ನು ಬರೆಯುವಾಗ ಅವನ ಕಣ್ಣಮುಂದಿದ್ದವರು ಎಳೆಯರಲ್ಲ. ಆ ಹಳಗನ್ನಡದ ಪದ್ಯಗಳೇ ಇದಕ್ಕೆ ಸಾಕ್ಷಿ.

ಇಲ್ಲಿ ಒಂದು ಆಕ್ಷೇಪವುಂಟು. ಸಂಸ್ಕೃತ ಪಂಚತಂತ್ರವು ಮೂವರು ಮಂದಮತಿ ರಾಜಕುಮಾರರ ಶಿಕ್ಷಣಕ್ಕಾಗಿ ಹುಟ್ಟಿತೆಂದು ಅದರ ಕಥಾಮುಖವೇ ಹೇಳುವದು. ಹಿತೋಪದೇಶವೂ ಬಾಲರಿಗೆ ಕಥೆಯ ನೆವದಿಂದ ನೀತಿಯನ್ನು ಹೇಳುವೆನೆಂದು ಪ್ರತಿಜ್ಞೆಮಾಡುವದು. ಆದ್ದರಿಂದ ಬಾಲರೇ ಅಧಿಕಾರಿಗಳೆಂದು ಸಿದ್ಧವಾಗುವದಲ್ಲವೇ?

ಇದಕ್ಕೆ ಸಮಾಧಾನವು ‘ಬಾಲ’ ಶಬ್ದದ ವಿಚಾರದಲ್ಲಿಯೇ ಇದೆ. ಅನ್ನಂಭಟ್ಟನು ತರ್ಕಸಂಗ್ರಹವನ್ನು ಬಾಲರಿಗೆ ಸುಖವಾಗಿ ಬೋಧವಾಗಲೆಂದು ರಚಿಸಿದುದಾಗಿ ಮೊದಲಲ್ಲಿಯೇ ಹೇಳಿರುವನು. ದ್ರವ್ಯಗುಣಾದಿ ಪದಾರ್ಥಗಳ ಆ ಗ್ರಂಥವನ್ನು ಹಾಲುಗೂಸಿನ ಕೈಗೆ ಕೊಡುವವರುಂಟೇ? ವ್ಯಾಕರಣ, ಕಾವ್ಯ, ಕೋಶಗಳನ್ನು ಓದಿದ್ದು ನ್ಯಾಯಶಾಸ್ತ್ರವನ್ನು ಇನ್ನೂ ಓದದವನೇ ಇಲ್ಲಿ ಬಾಲನೆಂದು ವ್ಯಾಖ್ಯಾನಕಾರರು ತಿಳಿಸಿರುವರು. ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದವರೆಲ್ಲರೂ ಈ ಮಾತನ್ನು ಮೊದಲನೆಯ ಪಾಠದಲ್ಲಿಯೇ ಕೇಳಿದವರು. ಅಂದಮೇಲೆ ಬಾಲತ್ವವು ವಯಸ್ಸಿನ ಧರ್ಮವಲ್ಲ. ಒಂದು ವಿಷಯದ ಎದುರಿಗೆ ಹೊಸಬನಾಗಿ ನಿಲ್ಲುವದೇ ಬಾಲತ್ವ. ಐವತ್ತು ವರ್ಷದ ವೈಯಾಕರಣನು ತರ್ಕದಲ್ಲಿ ಬಾಲನಾಗಬಹುದು. ಮೂವರು ರಾಜಕುಮಾರರೂ ರಾಜನೀತಿಯ ಎದುರಿಗೆ ಈ ಅರ್ಥದಲ್ಲಿ ಬಾಲರು. ಅದೇ ಮೇರೆಗೆ, ಹಿಂದೆಂದೂ ಕೇಳದ ಲೋಕವೊಂದನ್ನು ತೆರೆಯುವ ಕಥೆಯ ಎದುರಿಗೆ ಅಜ್ಜನೂ ಮೊಮ್ಮಗನೂ ಸಮಾನವಾಗಿ ಬಾಲರೇ. ಪಾರ್ವತಿಯು ಯಾರೂ ಕೇಳದಿರುವ ಕಥೆಯೇ ಬೇಕೆಂದು ಹಟ ಹಿಡಿದುದರ ಮರ್ಮವೂ ಇದೇ ಆಗಿರುವದು.

ಹಾಗಾದರೆ ಈ ಕಥೆಗಳು ಎಳೆಯರ ಪಾಲಿಗೆ ಮಾತ್ರ ಬಂದದ್ದು ಯಾವಾಗ? ಯುರೋಪಿನ ಉದಾಹರಣೆಯು ಇಲ್ಲಿ ದಾರಿ ತೋರುವದು. ಜರ್ಮನಿಯ ಗ್ರಿಮ್ ಸಹೋದರರು ೧೮೧೨ರಲ್ಲಿ ತಮ್ಮ ಕಥಾಸಂಗ್ರಹದ ಮೊದಲನೆಯ ಸಂಪುಟವನ್ನು ಪ್ರಕಟಿಸಿದಾಗ ಅದರ ಹೆಸರು ‘ಮಕ್ಕಳ ಮತ್ತು ಮನೆಯ ಕಥೆಗಳು’ ಎಂಬದಾಗಿತ್ತು. ಅದರಲ್ಲಿ ಪಂಡಿತೋಚಿತವಾದ ಟಿಪ್ಪಣಿಗಳಿದ್ದವು; ಮಕ್ಕಳಿಗೆ ಇದು ತಕ್ಕದ್ದಲ್ಲವೆಂಬ ಟೀಕೆಯೂ ಬಂದಿತು. ೧೮೨೫ರಲ್ಲಿ ಐವತ್ತು ಕಥೆಗಳನ್ನು ಆರಿಸಿ ಅವರು ಒಂದು ಚಿಕ್ಕ ಆವೃತ್ತಿಯನ್ನು ಹೊರಡಿಸಿದರು. ಹೀಗೆ ‘ಮನೆಯ’ ಕಥೆಯು ಕ್ರಮೇಣ ‘ಮಕ್ಕಳ’ ಕಥೆಯಾಯಿತು. ಆಂಗ್ಲ ಪಂಡಿತನಾದ ಟೋಲ್ಕಿನ್ನನು ೧೯೩೯ರ ಒಂದು ಉಪನ್ಯಾಸದಲ್ಲಿ ಇದೇ ಅಭಿಪ್ರಾಯವನ್ನು ಹೇಳಿರುವನು: ದೊಡ್ಡವರಿಗೆ ಬೇಡವಾದ ಹಳೆಯ ಮೇಜುಕುರ್ಚಿಗಳು ಮಕ್ಕಳ ಕೋಣೆಗೆ ಹೋಗುವಂತೆ ಈ ಕಥೆಗಳೂ ಅಲ್ಲಿಗೆ ಹೋದವು, ಮಕ್ಕಳು ಅವನ್ನು ಆರಿಸಿಕೊಂಡುದರಿಂದಲ್ಲ ಎಂಬದು ಅವನ ಮಾತಿನ ತಾತ್ಪರ್ಯ.

ಕನ್ನಡ ನಾಡಿನಲ್ಲಿ ಈ ಕಾರ್ಯವು ಶಾಲೆಗಳ ಮೂಲಕ ನಡೆಯಿತೆಂದು ತೋರುವದು. ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡ ಪ್ರಾಂತದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಮೊದಲಾದ ಮಹನೀಯರು ಕನ್ನಡ ಶಾಲೆಗಳಿಗಾಗಿ ದುಡಿದದ್ದೂ, ೧೮೯೦ರಲ್ಲಿ ರಾ. ಹ. ದೇಶಪಾಂಡೆಯವರ ಪ್ರಯತ್ನದಿಂದ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದ್ದೂ ನಾಡಿನ ಭಾಗ್ಯ. ಆದರೆ ಶಾಲೆಯೆಂದಮೇಲೆ ಇಯತ್ತೆಗಳು ಬೇಕು. ಇಯತ್ತೆಗಳೆಂದಮೇಲೆ ಯಾವ ಪಾಠವು ಯಾವ ವಯಸ್ಸಿಗೆಂಬ ವಿಂಗಡಣೆಯು ಬೇಕು. ಈ ವಿಂಗಡಣೆಯಲ್ಲಿ ಕಾಗೆನರಿಗಳ ಕಥೆಯು ಕೆಳಗಿನ ಇಯತ್ತೆಗೂ, ದುರ್ಗಸಿಂಹನ ಪದ್ಯವು ಪಂಡಿತರ ಪರೀಕ್ಷೆಗೂ ಹೋದವು. ಒಂದೇ ಕಥೆಯು ಎರಡು ಹೋಳಾಗಿ, ಒಂದು ಹೋಳಿಗೆ ‘ತಾತ್ಪರ್ಯ’ವೂ ಇನ್ನೊಂದು ಹೋಳಿಗೆ ‘ಟೀಕೆ’ಯೂ ಅಂಟಿಕೊಂಡವು. ಇದರಲ್ಲಿ ಯಾರ ದೋಷವೂ ಇಲ್ಲ. ಪರಿಣಾಮವು ಮಾತ್ರ ದೊಡ್ಡದು.

ಅದೇ ಕಾಲದಲ್ಲಿ ಮನೆಗಳಲ್ಲಿ ಕಥೆಯು ಯಾರಿಂದ ಯಾರಿಗೆ ಹೋಗುತ್ತಿತ್ತೆಂಬದಕ್ಕೆ ಅಚ್ಚಾದ ಸಾಕ್ಷ್ಯವೊಂದುಂಟು. ಮುಂಬಯಿ ಗವರ್ನರನ ಮಗಳಾದ ಮೇರಿ ಫ್ರಿಯರಳು ೧೮೬೮ರಲ್ಲಿ ‘ಓಲ್ಡ್ ಡೆಕ್ಕನ್ ಡೇಸ್’ ಎಂಬ ಸಂಗ್ರಹವನ್ನು ಪ್ರಕಟಿಸಿದಳು. ಅದರ ಕಥೆಗಳನ್ನು ಪ್ರವಾಸಕಾಲದಲ್ಲಿ ಆಕೆಗೆ ಹೇಳಿದವಳು ಆಯಾ ಆಗಿದ್ದ ಅನ್ನಾ ಲಿಬರಾಟಾ ಡಿಸೋಜಾ. ತನ್ನ ಅಜ್ಜನ ಮನೆತನವು ಮೊದಲು ಲಿಂಗಾಯತವಾಗಿತ್ತೆಂದೂ ಕಥೆಗಳನ್ನು ಅಜ್ಜಿಯಿಂದ ಕೇಳಿದ್ದೆಂದೂ ಅನ್ನಾಳೇ ಹೇಳಿಕೊಂಡಿರುವಳು. ಕೇಳಿದ ಮೇರಿಯು ಆಗ ಇಪ್ಪತ್ತು ವರ್ಷದ ತರುಣಿ. ಹೇಳಿದವಳೂ ಕೇಳಿದವಳೂ ಪ್ರಾಯಸ್ಥರೇ. ಪುಸ್ತಕವು ಮಾತ್ರ ಮಕ್ಕಳ ಕೈಗೆ ಹೋಯಿತು.

ಇಪ್ಪತ್ತನೆಯ ಶತಮಾನದಲ್ಲಿ ಈ ಸೀಮೆಯ ಕಥೆಗಳ ಬಗ್ಗೆ ಹೆಚ್ಚಿನ ತಿಳಿವು ದೊರೆತದ್ದು ಎ. ಕೆ. ರಾಮಾನುಜನ್ನರಿಂದ (೧೯೨೯-೧೯೯೩). ಅವರು ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದಾಗ ಸುತ್ತಣ ಊರುಗಳ ಕಥೆಗಳನ್ನು ಬರೆದುಕೊಂಡರು. ೧೯೫೫ರಲ್ಲಿ ಧಾರವಾಡಕ್ಕೆ ಸಮೀಪದ ಕಿತ್ತೂರಿನಲ್ಲಿ ದೊರೆತ ‘ಹಂಚಿ’ಯ ಕಥೆಯು ಇವುಗಳಲ್ಲಿ ಪ್ರಸಿದ್ಧವಾದದ್ದು. ಹೊಂಗೂದಲಿನ ಹುಡುಗಿಯ ಮೇಲೆ ಅವಳ ಒಡಹುಟ್ಟಿದವನೇ ಮೋಹಗೊಳ್ಳಲು, ತಾಯಿಯು ಮಗಳ ಮೋರೆಗೆ ಮಣ್ಣಿನ ಮುಖವಾಡವನ್ನು ತೊಡಿಸಿ ಮನೆಯಿಂದ ಕಳುಹಿಸುವದೇ ಅದರ ಆರಂಭ. ಊಟದ ಹೊತ್ತಿಗೆ ಮಕ್ಕಳು ನಿದ್ದೆಹೋಗದಂತೆ ಅಡಿಗೆಮನೆಯಲ್ಲಿ ಹೇಳುವ ಕಥೆಯಲ್ಲಿ ಇಂತಹ ಭಯವು ಹುದುಗಿರುವದು. ಮಗುವು ಮುಖವಾಡದ ಸೋಜಿಗಕ್ಕೆ ಕಿವಿಗೊಡುವದು. ಬಳಿಯಲ್ಲಿ ಬಡಿಸುತ್ತಿರುವ ಸೊಸೆಯೂ ಅದೇ ಕಥೆಯನ್ನು ಕೇಳುತ್ತಿರುವಳು.

ಉತ್ತರ ಕರ್ನಾಟಕದಲ್ಲಿ ಹಲವು ಪಾಠಗಳಲ್ಲಿ ದೊರೆತ ಹೂಗಿಡದ ಹುಡುಗಿಯ ಕಥೆಯು ಇನ್ನೂ ವಿಶದವಾದ ಉದಾಹರಣೆ. ಬಡ ಮುದುಕಿಯ ಕಿರಿಯ ಮಗಳು, ಅಕ್ಕನು ಒಂದು ಕೊಡ ನೀರನ್ನು ಮೈಮೇಲೆ ಹೊಯ್ದರೆ ಹೂಗಿಡವಾಗುವಳು. ಹೂಗಳನ್ನು ಚಿಗುರು ಮುರಿಯದಂತೆ ಬಿಡಿಸಿಕೊಂಡು ಇನ್ನೊಂದು ಕೊಡವನ್ನು ಹೊಯ್ದರೆ ಮತ್ತೆ ಹುಡುಗಿಯಾಗುವಳು. ಅರಸನ ಮಗನು ಅವಳನ್ನು ಮದುವೆಯಾಗುವನು. ನಾದಿನಿಯು ಗೆಳತಿಯರೊಡನೆ ಅವಳನ್ನು ತೋಟಕ್ಕೆ ಕರೆದೊಯ್ದು ಗಿಡವಾಗೆಂದು ಒತ್ತಾಯಪಡಿಸಿ, ಟೊಂಗೆಗಳನ್ನು ಮುರಿದು, ನೀರನ್ನು ಸರಿಯಾಗಿ ಹೊಯ್ಯದೆ ಬಿಟ್ಟುಹೋಗುವಳು. ಹುಡುಗಿಯು ಕೈಕಾಲುಗಳಿಲ್ಲದ ಮುದ್ದೆಯಾಗಿ ಮಳೆಯ ನೀರಿನ ಮೋರಿಯಲ್ಲಿ ಬೀಳುವಳು. ಮರುದಿನ ಆ ದಾರಿಯಾಗಿ ಬಂದ ಹತ್ತಿಯ ಬಂಡಿಯವನು ಅವಳ ನರಳುವಿಕೆಯನ್ನು ಕೇಳಿ ಎತ್ತಿಕೊಂಡು ಹೋಗುವನು. ಬೈರಾಗಿಯಾಗಿ ಅಲೆದ ಗಂಡನು ಕಡೆಗೆ ಅವಳನ್ನು ಗುರುತಿಸಿ, ನೀರು ಹೊಯ್ದು, ಮುರಿದ ಟೊಂಗೆಗಳನ್ನು ನೇರಮಾಡಿ, ಮತ್ತೆ ನೀರು ಹೊಯ್ದು ಅವಳನ್ನು ಮೊದಲಿನಂತೆ ಮಾಡುವನು.

ಈ ಕಥೆಯಲ್ಲಿ ಬರುವ ಹತ್ತಿಯ ಬಂಡಿಯನ್ನು ಗಮನಿಸಬೇಕು. ಹುಬ್ಬಳ್ಳಿಯು ಹತ್ತಿಯ ವ್ಯಾಪಾರಕ್ಕೆ ಹೆಸರಾದ ಪೇಟೆ. ಈಗ ಕೈಗಾರಿಕಾ ಪ್ರದೇಶವೆಂದು ಪ್ರಸಿದ್ಧವಾಗಿರುವ ತಾರಿಹಾಳದಂತಹ ಊರಿನ ಕೇಳುಗರಿಗೆ ಪೇಟೆಯ ದಾರಿಯಲ್ಲಿ ಹತ್ತಿಯ ಬಂಡಿಗಳು ಸಾಲಾಗಿ ಹೋಗುವದು ಅದ್ಭುತವಲ್ಲ, ಒಕ್ಕಲುತನದ ನಿತ್ಯವ್ಯವಹಾರ. ಕೊಡ, ನೀರು, ಹೂ ಮಾರುವದು, ನಾದಿನಿಯ ಕಾಟ ಇವೆಲ್ಲವೂ ಹಾಗೆಯೇ. ಅದ್ಭುತವು ಒಂದೇ: ಹುಡುಗಿಯು ಗಿಡವಾಗುವದು. ಉಳಿದದ್ದೆಲ್ಲವೂ ಕಂಡು ಬಲ್ಲದ್ದಾದ್ದರಿಂದಲೇ ಆ ಒಂದರ ಎದುರಿಗೆ ಎಲ್ಲರೂ ಬಾಲರಾಗುವರು. ನೀರು ಹೊಯ್ಯುವ ಕೈಯು ಎಚ್ಚರ ತಪ್ಪಿದರೆ ಏನಾಗುವದೆಂಬ ಭಯವು ಮಗುವಿಗೂ ಉಂಟು, ಗಂಡನ ಮನೆಯನ್ನು ಕಂಡ ಹೆಣ್ಣಿಗೂ ಉಂಟು. ಭಯದ ಆಳವು ಬೇರೆ, ಭಯದ ವಸ್ತುವು ಒಂದೇ.

ಆದುದರಿಂದಲೇ ಈ ಕಥೆಯು ಅಡಿಗೆಮನೆಯಲ್ಲಿ ನಿಲ್ಲಲಿಲ್ಲ. ೧೯೯೨ರಲ್ಲಿ ಗಿರೀಶ ಕಾರ್ನಾಡರು ಇದನ್ನು ‘ಚೆಲುವಿ’ಯೆಂಬ ಚಲಚ್ಚಿತ್ರವಾಗಿಸಿದರು. ರಾಮಾನುಜನ್ನರ ಅನುವಾದವನ್ನು ಆಧರಿಸಿ ಅಮೆರಿಕದ ಜಾನ್ ಆಡಮ್ಸನು ರಚಿಸಿದ ಸಂಗೀತನಾಟಕವು ೨೦೦೬ರಲ್ಲಿ ವಿಯೆನ್ನಾ ನಗರದಲ್ಲಿ ಪ್ರಯೋಗವಾಯಿತು. ಧಾರವಾಡದಲ್ಲಿ ಬೆಳೆದ ಕಾರ್ನಾಡರ ನಾಟಕಗಳಲ್ಲಿ ೧೯೭೧ರ ‘ಹಯವದನ’ವು ತಲೆಗಳು ಅದಲುಬದಲಾದ ಬೇತಾಳಕಥೆಯಿಂದ, ಥಾಮಸ್ ಮಾನ್ ೧೯೪೦ರಲ್ಲಿ ಅದನ್ನು ವಿಸ್ತರಿಸಿದ ರೂಪದ ಮೂಲಕ ಬಂದದ್ದು. ೧೯೮೮ರ ‘ನಾಗಮಂಡಲ’ವು ರಾಮಾನುಜನ್ನರಿಂದ ಕೇಳಿದ ಎರಡು ಜನಪದ ಕಥೆಗಳಿಂದ ಹುಟ್ಟಿದ್ದು. ಆ ಎರಡರಲ್ಲಿ ಒಂದರ ಸಾರವು ಹೀಗಿದೆ: ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ಬರುತ್ತಿದ್ದವು, ಅವಳು ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಗಟ್ಟಿದ ಅವು ಹೊರಬಿದ್ದು ಅಂಗಿಯೂ ಪಾದರಕ್ಷೆಯೂ ಆಗಿ ಗಂಡನಿಗೆ ಸಂಶಯವನ್ನು ಹುಟ್ಟಿಸಿದವು. ಸಿಟ್ಟಿನಿಂದ ಹನುಮಂತನ ಗುಡಿಗೆ ಮಲಗಲು ಹೋದ ಗಂಡನಿಗೆ, ಊರಿನ ಆರಿದ ದೀಪಗಳೆಲ್ಲ ರಾತ್ರಿ ಅಲ್ಲಿ ಕೂಡಿ ಮಾತನಾಡುವಾಗ ನಿಜವು ತಿಳಿಯಿತು. ಕಥೆಯನ್ನು ಹೇಳುವದು ಮಕ್ಕಳ ಮೇಲಿನ ಕೃಪೆಯಲ್ಲ, ಹೇಳುವವಳ ಅಗತ್ಯವೆಂಬದನ್ನು ಜನಪದವು ತಾನೇ ಹೀಗೆ ನಿರೂಪಿಸಿರುವದು.

ಇಷ್ಟಾದರೂ ಕೆಲವರು ಹೀಗೆ ಹೇಳಬಹುದು: ದೊಡ್ಡವರಿಗೆ ರುಚಿಸುವದು ಗೂಢಾರ್ಥ, ಮಕ್ಕಳಿಗೆ ರುಚಿಸುವದು ಸೋಜಿಗ, ಕಥೆಯು ಒಂದಾದರೂ ಆಸ್ವಾದವು ಎರಡು. ಇದು ರಸಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ಅದ್ಭುತರಸದ ಸ್ಥಾಯಿಭಾವವು ವಿಸ್ಮಯ. ಸಾಹಿತ್ಯದರ್ಪಣದ ವಿಶ್ವನಾಥನು ತನ್ನ ವೃದ್ಧಪ್ರಪಿತಾಮಹನಾದ ನಾರಾಯಣನ ಮತವನ್ನು ಉಲ್ಲೇಖಿಸುತ್ತ, ಎಲ್ಲ ರಸಗಳಲ್ಲಿಯೂ ಚಮತ್ಕಾರವೇ ಸಾರವಾದ್ದರಿಂದ ಎಲ್ಲೆಡೆಯೂ ಅದ್ಭುತವೇ ಇರುವದೆಂಬ ಪಕ್ಷವನ್ನು ತಿಳಿಸಿರುವನು. ಈ ಪಕ್ಷವನ್ನು ಪೂರ್ತಿಯಾಗಿ ಒಪ್ಪದವರೂ ವಿಸ್ಮಯವಿಲ್ಲದೆ ಗೂಢಾರ್ಥದತ್ತ ಮನಸ್ಸು ತಿರುಗುವದಿಲ್ಲವೆಂಬದನ್ನು ಅಲ್ಲಗಳೆಯಲಾರರು. ಗೂಢಾರ್ಥವನ್ನೇ ಬಯಸುವವನಿಗೆ ನೀತಿಗ್ರಂಥವು ಸಾಕಾಗಿತ್ತು. ಅವನು ಹುಡುಗಿಯು ಗಿಡವಾಗುವದನ್ನು ಕೇಳಲು ಕೂಡ್ರುತ್ತಿರಲಿಲ್ಲ.

ಹಾಗಾದರೆ ಮಕ್ಕಳಿಗೆಂದೇ ಬರೆದ ಸಾಹಿತ್ಯವು ವ್ಯರ್ಥವೇ? ಎಂದಿಗೂ ಅಲ್ಲ. ೧೯೨೧ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದ ಪಂಜೆ ಮಂಗೇಶರಾಯರ ಕಥೆಗಳೂ, ಕುವೆಂಪು ಅವರ ಕಿಂದರಿಜೋಗಿಯೂ, ಆಂಗ್ಲರ ಆಲಿಸಳನ್ನು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿಸಿದ ನಾ. ಕಸ್ತೂರಿಯವರ ಪುಸ್ತಕವೂ, ೧೯೪೯ರಿಂದ ದಶಕಗಳ ಕಾಲ ಕನ್ನಡದಲ್ಲಿ ಬಂದ ‘ಚಂದಮಾಮ’ದ ಬೇತಾಳಕಥೆಗಳೂ ಬಾಲರಿಗಾಗಿಯೇ ಹುಟ್ಟಿದವು. ಆದರೆ ಇವು ಉಳಿದದ್ದು ಎಳೆಯರಿಗೆಂದು ಮಾತನ್ನು ಕುಗ್ಗಿಸಿಕೊಂಡುದರಿಂದಲ್ಲ, ಬರೆದವನೂ ತನ್ನ ಕಥೆಯ ಎದುರಿಗೆ ಬಾಲನಾಗಿ ನಿಂತುದರಿಂದ. ಮಗುವು ಈ ಕಥೆಗಳ ಅಧಿಕಾರಿಗಳಲ್ಲಿ ಅಗ್ರಗಣ್ಯ; ಏಕೈಕ ಅಧಿಕಾರಿಯಲ್ಲ.

ಈ ನಿರ್ಣಯದಿಂದ ಎರಡು ಕರ್ತವ್ಯಗಳು ಒದಗುವವು. ಸಾಹಿತ್ಯವನ್ನು ಕಲಿಸುವವರು ಅದ್ಭುತಕಥೆಯ ಕೊನೆಗೆ ನೀತಿಯನ್ನು ಹೊಲಿದು ಮುಗಿಸುವ ಅವಸರವನ್ನು ಬಿಡಬೇಕು. ಮೇಲಿನ ತರಗತಿಗಳಲ್ಲಿಯೂ ಅದನ್ನು ದುರ್ಗಸಿಂಹನ ಪಕ್ಕದಲ್ಲಿ ಇರಿಸಿ ಓದಿಸಬೇಕು. ಸಂಶೋಧಕರು ಕಥೆಯನ್ನು ಬರೆದುಕೊಳ್ಳುವಾಗ ಹೇಳಿದವರ ವಯಸ್ಸನ್ನು ಮಾತ್ರವಲ್ಲದೆ, ಯಾರು ಯಾರು ಕೂತು ಕೇಳುತ್ತಿದ್ದರೆಂಬದನ್ನೂ ಬರೆದುಕೊಳ್ಳಬೇಕು. ಹೊಲದ ಮಗ್ಗುಲಲ್ಲಿ ಕಾರಖಾನೆಗಳು ಎದ್ದಿರುವ ತಾರಿಹಾಳದಂತಹ ಊರುಗಳಲ್ಲಿ ಈ ಕೆಲಸವು ಮೊದಲು ನಡೆಯತಕ್ಕದ್ದು. ಅಲ್ಲಿ ಹತ್ತಿಯ ಬಂಡಿಯ ಬಳಕೆಯು ತಪ್ಪುತ್ತ ಬಂದಂತೆ, ಬಂಡಿಯನ್ನು ಕಂಡು ಬಲ್ಲ ಕೇಳುಗರೂ ಕಡಿಮೆಯಾಗುವರು. ಗುಣಾಢ್ಯನ ಬೆಟ್ಟಕ್ಕೆ ಸಾತವಾಹನನು ತಡಮಾಡಿ ಬಂದನು. ಆದರೂ ಒಂದು ಲಕ್ಷ ಶ್ಲೋಕಗಳು ಅವನ ಕೈಗೆ ದೊರೆತವು.